‘ಬ್ಯಾಡ’ ಎಂದ ಫಕೀರಮ್ಮ, ಒಂದೇ ಸಲ ಕೇಳಿದ ಇಲಾಖೆ

ಮಾನ್ಯ ಅಧಿಕಾರಿಗಳೇ,

ಕುಕನೂರಿನ ನನ್ನ ಚಿಗವ್ವ (ಚಿಕ್ಕಮ್ಮ) ಫಕೀರಮ್ಮನಿಗೆ ನೀವು ತ್ರಿಚಕ್ರ ಸೈಕಲ್ ಕೊಡಲಿಲ್ಲ. ಯಾಕೆಂದು ಕೇಳಿದ್ದಕ್ಕೆ ‘ಫಲಾನುಭವಿಯು ಸ್ವಂತ ಇಚ್ಛೆಯಿಂದ ನಿರಾಕರಿಸಿದ್ದಾರೆ’ ಎಂದು ಉತ್ತರಿಸಿದ್ದೀರಿ. ಕನ್ನಡ ಪಾಠ ಮಾಡಿಯೇ ಹೊಟ್ಟೆ ಹೊರೆಯುವವಳು ನಾನು. ಎರಡೆರಡು ಸಲ ಓದಿದರೂ ವಾಕ್ಯದಲ್ಲಿ ತಪ್ಪು ಸಿಗಲಿಲ್ಲ, ಅಭಿನಂದನೆಗಳು. ಆದರೆ ಆ ದಿನ ನಾನೂ ಅಲ್ಲಿದ್ದೆ.

ನಿಮ್ಮ ಸಿಬ್ಬಂದಿಯೊಬ್ಬರು ಬಂದು ಕಟ್ಟೆಯ ಮೇಲೆ ಕೂತರು. ಸಕ್ಕರೆ ಕಾಯಿಲೆಗೆ ಒಂದು ಕಾಲು ಕಳೆದುಕೊಂಡ ಚಿಗವ್ವ ಹೊಸ್ತಿಲ ಒಳಗಿನಿಂದಲೇ ಉಪಚರಿಸಿದಳು.

“ಚಾ ತಗೋರಿ ಸಾಹೇಬ್ರ.”

“ಬ್ಯಾಡ ಯವ್ವಾ, ಈಗಷ್ಟ ಕುಡದ ಬಂದೀನಿ.”

“ಅರ್ಧ ಕಪ್ಪರ ತಗೋರಿ.”

“ಬ್ಯಾಡ ಬಿಡು, ಯಾಕ ತ್ರಾಸ?”

“ಮನಿತನಕ ಬಂದು ಹಂಗ ಹೋಗ್ತೀರೇನ್ರಿ?”

ಸಾಹೇಬರು ಚಹಾ ಕುಡಿದರು. ಜೊತೆಗಿಟ್ಟ ಒಗ್ಗರಣಿ ಮಂಡಕ್ಕಿಯನ್ನೂ ಮುಗಿಸಿದರು. ಎರಡು ಸಲ ನಿರಾಕರಿಸಿದವರಿಗೆ ಚಹಾ ಕೊಡುವುದು ನಿಯಮಬದ್ಧವೇ ಎಂದು ಚಿಗವ್ವ ಯೋಚಿಸಲಿಲ್ಲ. ನಮ್ಮ ಕಡೆ ಕೇಳಿದೊಡನೆ ‘ಹೂಂ, ಕೊಡ್ರಿ’ ಎಂದವರನ್ನು ಆಸೆಬುರುಕರು ಎನ್ನುತ್ತಾರೆ. ಮೂರನೆಯ ಸಲ ಕೇಳಿದಾಗ ಬಂದದ್ದೇ ಉತ್ತರ. ಇದು ನಿಮ್ಮ ಸಿಬ್ಬಂದಿಗೆ ಗೊತ್ತಿಲ್ಲವೆನ್ನಲು ಬಾರದು, ಮಂಡಕ್ಕಿಯ ತಟ್ಟೆ ನಾನೇ ತೆಗೆದಿದ್ದೇನೆ.

ಆಮೇಲೆ ಅವರು ಬಾಯಿ ಒರೆಸಿಕೊಂಡು ಕೇಳಿದರು: “ಸೈಕಲ್ ಬಂದಾವು. ನಿನಗ ಬೇಕೇನು ಯವ್ವಾ?”

“ಬ್ಯಾಡ ಬಿಡ್ರಿ. ನನಗಿಂತ ತ್ರಾಸ ಇದ್ದವ್ರು ಭಾಳ ಮಂದಿ ಅದಾರ.”

ಅವರು ಬರೆದುಕೊಂಡು ಎದ್ದರು. ಒಳಗೆ ಕಪ್ಪು ತೊಳೆಯುತ್ತಲೇ ಇದನ್ನು ಕೇಳಿಸಿಕೊಂಡ ನಾನು ಹೊರಗೆ ಬರುವಷ್ಟರಲ್ಲಿ ಬೈಕು ಓಣಿ ದಾಟಿತ್ತು. ಚಿಗವ್ವ ಇನ್ನೂ ಬಾಗಿಲು ನೋಡುತ್ತಿದ್ದಳು. “ಇನ್ನೊಮ್ಮೆ ಕೇಳ್ತಾರಂತ ಮಾಡಿದ್ದೆ,” ಅಂದಳು.

ಮದುವೆ ಊಟದಲ್ಲಿ ಎಲೆಗೆ ಕೈ ಅಡ್ಡ ಹಿಡಿದವರಿಗೆಲ್ಲ ಹೋಳಿಗೆ ನಿಲ್ಲಿಸಿದರೆ ಈ ಜಿಲ್ಲೆಯಲ್ಲಿ ಎಷ್ಟು ಜನ ಹೊಟ್ಟೆ ತುಂಬ ಉಂಡು ಏಳುತ್ತಾರೆ? ತಾವು ಏಳುತ್ತೀರಾ? ನಮ್ಮ ಪರೀಕ್ಷೆಯಲ್ಲಿ ‘ಸಂದರ್ಭ ಸೂಚಿಸಿ ಸ್ವಾರಸ್ಯ ಬರೆಯಿರಿ’ ಎಂಬ ಪ್ರಶ್ನೆಯಿದೆ. ಯಾರು, ಯಾರಿಗೆ, ಯಾವಾಗ ಹೇಳಿದರೆಂದು ಬರೆಯದೆ ಕೊಟ್ಟ ಮಾತನ್ನೇ ನಕಲು ಮಾಡಿದವರಿಗೆ ನಾನು ಸೊನ್ನೆ ಕೊಡುತ್ತೇನೆ. ನಿಮ್ಮ ಇಲಾಖೆಗೆ ಸಲ್ಲಬೇಕಾದ ಸೊನ್ನೆಯನ್ನು ಮಾತ್ರ ಚಿಗವ್ವ ಅನುಭವಿಸುತ್ತಿದ್ದಾಳೆ. ಖಡಕ್ ರೊಟ್ಟಿ ಬಡಿದು ತಾನೇ ಬಸ್‌ಸ್ಟ್ಯಾಂಡಿಗೆ ಒಯ್ದು ಮಾರುತ್ತಿದ್ದವಳು ಕಾಲು ಹೋದಮೇಲೆ ಓಣಿಯ ತುದಿಯನ್ನೂ ಕಂಡಿಲ್ಲ. ನನಗೆ ಸಿಟ್ಟು ಬಂದಿದೆ, ಸ್ವಾಮಿ.

ಆದ್ದರಿಂದ ಸೈಕಲ್ ತಂದು ಬಾಗಿಲಲ್ಲಿ ನಿಲ್ಲಿಸಿ, ಆಮೇಲೆ ಕೇಳಿ. ‘ಬ್ಯಾಡ’ ಅನ್ನುತ್ತಾಳೆ. ಪೆನ್ನು ಜೇಬಿನಲ್ಲೇ ಇರಲಿ. ಮತ್ತೆ ಕೇಳಿ, ಇನ್ನೊಮ್ಮೆ ಕೇಳಿ. ಅಷ್ಟರಲ್ಲಿ ಚಹಾ ಬಂದಿರುತ್ತದೆ. ನೀವು ಎಷ್ಟು ಸಲ ಬೇಡವೆಂದರೂ ಚಿಗವ್ವ ಅದನ್ನು ಬರೆದುಕೊಳ್ಳುವುದಿಲ್ಲ.

ಇಂತಿ,
ನಿಮ್ಮವರ ಕಪ್ಪು ತೊಳೆಯಲು ಹೋಗಿ ಮಾತಾಡುವ ಅವಕಾಶ ತಪ್ಪಿಸಿಕೊಂಡ
ನೇತ್ರಾವತಿ
ಕನ್ನಡ ಉಪನ್ಯಾಸಕಿ, ಕೊಪ್ಪಳ