ಭೂತಾಯಿಗೆ ಜ್ಯೂಸು ಚೆಲ್ಲಂಗಿಲ್ಲ

ಶ್ರೀಶೈಲ,

ಎಳ್ಳ ಅಮಾಸಿ ಬುತ್ತಿ ಕಟಗೊಂಡು ಬಾಜೂ ಮನಿ ರಾಜಬಿ ಅವರ ಗಾಡಿಯೊಳಗ ಅಗರಖೇಡದ ಹೊಲಕ್ಕ ಹೊಂಟೇನಿ. ನೀ ಮಾಡಿಟ್ಟ ಗಜ್ಜರಿ ಜ್ಯೂಸು ಫ್ರಿಜ್‌ನ್ಯಾಗ ಹಂಗ ಐತಿ. ಇವತ್ತ ನಾ ಕುಡದಿಲ್ಲ, ಇನ್ನ ಕುಡಿಯೂದೂ ಇಲ್ಲ.

ಕುದಿಸಿದ್ರ ಕಾಯಿಪಲ್ಲೆ ಸತ್ವ ಹೋಗ್ತೈತಿ ಅಂತ ಮೊಬೈಲ್ ತೋರಿಸಿದಿ. ಸ್ವಲ್ಪ ಹೋಗ್ತೈತಿ, ಖರೇನ. ಆದ್ರ ನೀ ರಸ ಹಿಂಡಿ ಎಮ್ಮಿಗೆ ಹಾಕಿದ ನಾರಿನ್ಯಾಗ ಎಷ್ಟ ಹೋತು? ನನ್ನಂಥ ಸಕ್ಕರಿ ಬ್ಯಾನಿಯವರಿಗೆ ನಾರು ಬೇಕು, ಬರೇ ರಸ ಕುಡದ್ರ ಸಕ್ಕರಿ ಲಗೂನ ಏರ್ತೈತಿ ಅಂತ ಡಾಕ್ಟರ್ ಬಾಯಿಯವರು ನಿನ್ನ ಮುಂದನ ಹೇಳಿದ್ರು. ಆ ನಾರು ತಿಂದು ಎಮ್ಮಿ ಮೈ ತುಂಬ್ಕೊಂತು. ಇಷ್ಟ ದಿನ ನಾ ತಾಟ ಬಿಟ್ಟು ಗ್ಲಾಸ್ ಹಿಡದು ಕುಂತೆ.

ಭೂತಾಯಿಗೆ ನೈವೇದ್ಯ ಅಂತ ಹೊಲದಾಗ ಚರಗ ಚೆಲ್ಲೂದು ಗಜ್ಜರಿ, ಅವರಿಕಾಯಿ ಕೂಡಿಸಿ ಕುದಿಸಿದ ಭಜ್ಜಿ. ಯಾರರ ಜ್ಯೂಸು ಚೆಲ್ಲ್ಯಾರೇನು? ಆಕಿ ಉಂಡದ್ದನ್ನ ಎಲ್ಲಾರ ಕೂಡ ಕುಂತು ನಾನೂ ಉಣತೇನಿ.

ಗುಳಿಗಿ ತಗೊಂಡೇನಿ, ಚಿಂತಿ ಮಾಡಬ್ಯಾಡ. ಎಮ್ಮಿಗೆ ನೀರ ಕುಡಿಸು, ಮಿಕ್ಸರ್ ತೊಳದು ಅಟ್ಟಕ್ಕ ಇಡು. ಆಮ್ಯಾಲ ಹಸಗೊಂಡು ಹೊಲಕ್ಕ ಬಾ. ನಿನ್ನ ಪಾಲಿನ ಭಜ್ಜಿ ಎತ್ತಿಟ್ಟಿರತೇನಿ.

ನಿನಗ ನಾ ಬರೇ ಹಾಲ ಕುಡಿಸಿ ಬೆಳಸಿದ್ದು ಹಲ್ಲು ಬರೂತನಕ ಅಷ್ಟ. ನನ್ನ ಹಲ್ಲು ಇನ್ನೂ ಗಟ್ಟಿ ಅದಾವು.

ನಿನ್ನವ್ವ