ಆರು ಬೀಳದಿದ್ದರೂ

ಓನರ್ ಆಂಟಿಗೆ ಮಹಡಿ ಮನೆಯವಳ ನಮಸ್ಕಾರ.

ನಿನ್ನೆ ನಾನು "ಆಕ್ಸಿಜನ್ ಮುಗೀತಾ ಬಂತು, ಯಾರಾದ್ರೂ ಇದ್ದೀರಾ?" ಎಂದು ಕೂಗಿದ್ದು ಆಟದಲ್ಲಿ. ಒಬ್ಬಳೇ ಕೂತು ದಾಳ ಹಾಕುತ್ತಾ ಕಥೆ ಕಟ್ಟುವ ಆಟ ಅದು. ಕೆಟ್ಟು ನಿಂತ ಬಾಹ್ಯಾಕಾಶ ನೌಕೆಗೆ ನಾನೇ ಕ್ಯಾಪ್ಟನ್. ಆರು ಬಿದ್ದರೆ ಮಾತ್ರ ಯಾರಾದರೂ ನೆರವಿಗೆ ಬರುತ್ತಾರೆ. ಬಿದ್ದದ್ದು ಒಂದು.

ಅಷ್ಟರಲ್ಲಿ ನೀವು ಸುತ್ತಿಗೆಯಿಂದ ಚಿಲಕ ಮುರಿದು ನುಗ್ಗಿದಿರಿ. "ಉಸಿರಾಡೇ, ಉಸಿರಾಡು!" ಎಂದು ಬೆನ್ನು ತಿಕ್ಕಿದಿರಿ. ದಾಳ ನೋಡಿದ ಮೇಲೆ ಬಾಯಿಗೆ ಬಂದಂತೆ ಬೈದಿರಿ. ಬೈಸಿಕೊಳ್ಳುತ್ತಾ ನನಗೆ ಎಷ್ಟು ಹಿತವಾಯಿತೋ ಹೇಳಲಾರೆ. ಈ ಮನೆಗೆ ಬಂದಾಗಿನಿಂದ ನನ್ನ ಬಾಗಿಲಿಗೆ ಯಾರೂ ಬಂದಿರಲಿಲ್ಲ.

ಬಡಗಿ ಬಂದಾಗ ದಯವಿಟ್ಟು ಒಂದು ಮಾತು ಹೇಳಿ. ಹೊಸ ಚಿಲಕ ಹೊರಗಿನಿಂದಲೂ ತೆಗೆಯುವ ಹಾಗಿರಲಿ.

ಬದುಕಿ ಉಳಿದ,
ನಿಮ್ಮ ಕ್ಯಾಪ್ಟನ್