ಸೂರ್ಯನ ಕುದುರೆಯ ಅಳತೆ

ಜೂನ್ 4, ಬೆಳಿಗ್ಗೆ

ಟವೆಲ್ ಮಡಚಿಟ್ಟೆ. ಬ್ರಷ್ ತೊಳೆದೆ. ಕನ್ನಡಿ ಒರೆಸಲು ಹೋದರೆ ಕೈ ಮೊದಲು ಗಾಳಿಯನ್ನೇ ಒರೆಸಿತು. ಕನ್ನಡಿ ಇನ್ನೂ ನಾಲ್ಕು ಬೆರಳು ಆಚೆ ಇತ್ತು. ಟೀ ಬಗ್ಗಿಸಿದರೆ ಲೋಟದ ಪಕ್ಕಕ್ಕೆ. ಎಲ್ಲ ಹಳೇ ಕುರ್ಚಿಯ ಸ್ಪ್ರಿಂಗ್ ಮಾಡಿದ ಘನಕಾರ್ಯ. ರಿಪೇರಿ ಮಾಡಲು ಬಗ್ಗಿದ್ದೆ, ಹಾರಿ ಬಂದು ಎಡಗಣ್ಣಿಗೆ ಬಡಿಯಿತು. ಆ ಕಣ್ಣು ಹೋಯಿತು.

ಡಾಕ್ಟರ್ ಹೇಳಿದ್ದು: "ಒಂದೇ ಕಣ್ಣಲ್ಲಿ ದೂರ ಹತ್ತಿರ ಸರಿಯಾಗಿ ತಿಳಿಯಲ್ಲಮ್ಮ. ನಿಧಾನಕ್ಕೆ ಅಭ್ಯಾಸ ಆಗುತ್ತೆ."

ನಿಧಾನಕ್ಕಂತೆ! ನಾನು ಜನರ ಕತ್ತಿನ ಮೇಲೆ ರೇಜರ್ ಆಡಿಸಿ ಬದುಕುವವಳು.

ಅಪ್ಪ ಸಲೂನನ್ನು ನಮ್ಮಿಬ್ಬರಿಗೂ ಬಿಟ್ಟುಹೋದರು. ಕತ್ತರಿ ಅಣ್ಣನಿಗೆ, ರೇಜರ್ ನನಗೆ. ಈಗ ಅಣ್ಣ ಅನ್ನುತ್ತಾನೆ: "ಈ ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಶೇವಿಂಗ್ ಕುರ್ಚಿಗೆ ಹೊಸಬನ್ನ ಇಟ್ಕೋತೀನಿ. ನೀನು ತಲೆಗೆ ಬಣ್ಣ ಹಚ್ಕೊಂಡಿರು."

"ಹಾಗಾದ್ರೆ ಅಭ್ಯಾಸಕ್ಕೆ ನಿನ್ನ ಕತ್ತು ಕೊಡು."

"ನಂಗೆ ಹೆಂಡ್ತಿ ಇದಾಳೆ ಕಣೇ!"

ನಗು ಬಂತು. ಸಿಟ್ಟೂ ಬಂತು. ರೇಜರ್ ಬಿಟ್ಟುಕೊಡುವವಳು ನಾನಲ್ಲ.

ಜೂನ್ 6

ಬಲೂನಿಗೆ ನೊರೆ ಹಚ್ಚಿ ಒಡೆಯದ ಹಾಗೆ ಬೋಳಿಸುವುದು — ಅಪ್ಪ ನನಗೆ ಕೆಲಸ ಕಲಿಸಿದ್ದೇ ಹಾಗೆ. ಮತ್ತೆ ಅಲ್ಲಿಂದಲೇ ಶುರು. ಊದುವ ಕೆಲಸ ಅತ್ತಿಗೆಯದು. ಢಬ್. ಢಬ್. ನೊರೆ ಗೋಡೆಗೆ, ಅತ್ತಿಗೆಯ ಮೂಗಿಗೆ.

"ನನ್ನ ಉಸಿರೆಲ್ಲ ನಿನ್ನ ಬಲೂನಿಗೇ ಹೋಯ್ತು. ನಂಗೇನಾದ್ರೂ ಆದ್ರೆ ನಿಮ್ಮಣ್ಣಂಗೆ ನೀನೇ ಉತ್ತರ ಕೊಡು" ಅಂದರು.

ಒಂದೂ ಉಳಿಯಲಿಲ್ಲ. ಕೆಲವಕ್ಕಂತೂ ರೇಜರ್ ತಾಗಲೇ ಇಲ್ಲ, ಗಾಳಿಗೇ ಶೇವಿಂಗ್ ಮಾಡಿದೆ. ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಮುಖ ತೊಳೆದು ಬಂದು, "ಇನ್ನೊಂದು ಊದಿ" ಅಂದೆ.

ಜೂನ್ 9, ಮಧ್ಯಾಹ್ನ, ಗಿರಾಕಿಗಳಿಲ್ಲ

ಕಿಟಕಿಯ ಹೂಕುಂಡದಲ್ಲಿ ಒಂದು ಸೂರ್ಯನ ಕುದುರೆ. ಕಡ್ಡಿಯಂಥ ಹಸಿರು ಹುಳ, ಮುಂಗಾಲು ಮಡಚಿ ಕೂತಿತ್ತು. ಆಚೆ ಎಲೆಗೆ ಹಾರಬೇಕು, ಹಾರುತ್ತಿಲ್ಲ. ಎಡಕ್ಕೆ ವಾಲಿತು. ಬಲಕ್ಕೆ ವಾಲಿತು. ಮತ್ತೆ ಎಡಕ್ಕೆ. ಕುಡಿದವನ ಹಾಗೆ. ಆಮೇಲೆ ಹಾರಿತು... ಸರಿಯಾಗಿ ಎಲೆಯ ತುದಿಗೇ!

ಇದಕ್ಕೇನು ತಲೆ ಕೆಟ್ಟಿದೆಯಾ ಅಂದುಕೊಂಡೆ. ಸುಮ್ಮನೆ ನಾನೂ ವಾಲಿ ನೋಡಿದೆ. ಅರೆ! ಎದುರಿಗಿದ್ದ ನೀರಿನ ಬಾಟಲಿ ಆ ಕಡೆ ಈ ಕಡೆ ಸರಿಯಿತು. ದೂರದ ಗಡಿಯಾರ ಜಪ್ಪಯ್ಯ ಅನ್ನಲಿಲ್ಲ. ಹೆಚ್ಚು ಸರಿದದ್ದು ಹತ್ತಿರ, ಸರಿಯದೆ ಉಳಿದದ್ದು ದೂರ. ಹುಳ ಸುಮ್ಮನೆ ತೂಗುತ್ತಿರಲಿಲ್ಲ — ಅಳೆಯುತ್ತಿತ್ತು.

ಕೈ ಚಾಚಿದೆ. ಬಾಟಲಿ ಸಿಕ್ಕಿತು. ಒಂದೇ ಸಲಕ್ಕೆ!

ಜೂನ್ 17

ತೂಗಿ ತೂಗಿ ಸೊಂಟ ನೋವು. ಟೀ ಲೋಟದೊಳಗೇ ಬೀಳುತ್ತಿದೆ. ಬಲೂನುಗಳು ಉಳಿಯುತ್ತಿವೆ.

"ಸದ್ಯ, ನನ್ನ ಉಸಿರಿಗೂ ಒಂದು ಬೆಲೆ ಬಂತು" — ಅತ್ತಿಗೆ.

"ಏನೇ ಇದು, ನಿಂತಲ್ಲೇ ಜೋಕಾಲಿ ಆಡ್ತಿದೀಯ?" — ಅಣ್ಣ.

ಆಡ್ತೀನಿ. ಏನೀಗ?

ಜೂನ್ 20, ಸಂಜೆ

ಛೆ.

ಮೀಸೆ ಮೇಷ್ಟ್ರು ಬಂದಿದ್ದರು. ದಿನ ಬಿಟ್ಟು ದಿನ ಬರುವವರು, ಬಂದರೆ ಬಾಯಿ ಮುಚ್ಚದವರು. ಅಣ್ಣ ಇರಲಿಲ್ಲ. ಅವನು ಬರುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ. ಕೆನ್ನೆ ಚೆನ್ನಾಗಿಯೇ ಆಯಿತು, ಎದೆ ಉಬ್ಬಿತು. ಕತ್ತಿನ ಕಡೆ ಇಳಿದೆ. ತೂಗಿದೆ, ಅಳೆದೆ, ರೇಜರ್ ಇಟ್ಟೆ — ಅದೇ ಹೊತ್ತಿಗೆ ಅವರು ಉಗುಳು ನುಂಗಿದರು. ಗಂಟಲ ಗಂಟು ಮೇಲೆದ್ದು ಬಂತು. ಸಣ್ಣ ಗಾಯ. ಸಣ್ಣದಾದರೂ ರಕ್ತ ರಕ್ತವೇ.

"ಪರವಾಗಿಲ್ಲ ಬಿಡಮ್ಮ" ಅಂದರು. ಉಳಿದ ನೊರೆ ಒರೆಸಿಕೊಂಡು ಎದ್ದುಹೋದರು.

ಅಣ್ಣನಿಗೆ ಹೇಳಿದೆ. ಬೈಯಲಿಲ್ಲ. ರೇಜರನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಬೈದಿದ್ದರೇ ಚೆನ್ನಾಗಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಈ ಆತುರಗಾರ್ತಿಗೆ ಅಷ್ಟೂ ಇಲ್ಲ.

ಜೂನ್ 24

ಕುಂಡದ ಮುಂದೆ ಕೂತಿದ್ದೆ. ಬೇರೆ ಕೆಲಸವಾದರೂ ಏನಿದೆ.

ನೊಣ ಬಂತು. ಎಲೆಯ ಮೇಲೆ ನಡೆಯಿತು. ಕುದುರೆ ತೂಗಿತು, ಅಳೆಯಿತು. ಹೊಡೆಯಲಿಲ್ಲ. ನೊಣ ಇನ್ನೂ ಹತ್ತಿರ ಬಂತು. ಇದು ಕಲ್ಲಾಗಿ ಕೂತಿತು. ನನಗೇ ತಡೆಯಲಾಗದೆ "ಹೊಡಿಯೇ!" ಅಂದೆ. ಯಾರ ಮಾತೂ ಕೇಳುವ ಪೈಕಿ ಅಲ್ಲ ಅದು. ಕೊನೆಗೆ ನೊಣ ನಿಂತು ಕಾಲು ಉಜ್ಜತೊಡಗಿತು. ಆಗ ಹೊಡೆಯಿತು. ಕಣ್ಣು ಮಿಟುಕಿಸುವುದರೊಳಗೆ ಮುಗಿದಿತ್ತು.

ಬಲೂನು ಉಗುಳು ನುಂಗುವುದಿಲ್ಲ. ನಾನು ಕಲಿತದ್ದು ಬಲೂನನ್ನು, ಮನುಷ್ಯರ ಕತ್ತನ್ನಲ್ಲ. ಅಳತೆ ಸರಿಯಿದ್ದರೆ ಸಾಲದು. ಅಳೆದದ್ದು ನಿಂತ ಮೇಲೆ ಕೈ ಹಾಕಬೇಕು. ನಿಲ್ಲುವವರೆಗೆ, ಹಸಿವಿದ್ದರೂ, ಕೂತಿರಬೇಕು. ತಾಳಿದವನು ಬಾಳಿಯಾನು ಅಂತ ಅಪ್ಪ ಸಾವಿರ ಸಲ ಹೇಳಿದ್ದರು. ಹುಳ ಒಂದೇ ಸಲ ತೋರಿಸಿತು.

ಜೂನ್ 27

ಅತ್ತಿಗೆಯನ್ನೇ ಕುರ್ಚಿಯಲ್ಲಿ ಕೂರಿಸಿದೆ. ಬ್ಲೇಡಿಲ್ಲದ ಹಳೇ ರೇಜರ್. ಗಲ್ಲದ ಕೆಳಗೆಲ್ಲ ನೊರೆ. ಎಡಗೈ ಬೆರಳು ಗಂಟಲ ಪಕ್ಕಕ್ಕೆ ಇಟ್ಟೆ. ನುಂಗುವ ಮುಂಚೆ ಅಲ್ಲಿ ಒಂಚೂರು ಬಿಗಿಯುತ್ತದೆ. ಬೆರಳಿಗೆ ತಿಳಿಯುತ್ತದೆ!

"ಉಗುಳು ನುಂಗಿ ಅತ್ತಿಗೆ." ನುಂಗಿದರು. ಗಂಟಲು ಏರಿತು, ಇಳಿಯಿತು, ನಿಂತಿತು. ಆಗ ಎಳೆದೆ. ಮತ್ತೆ ನುಂಗಿ. ಮತ್ತೆ ಎಳೆದೆ.

ಅಣ್ಣ ಬಾಗಿಲಲ್ಲಿ. ಅತ್ತಿಗೆಯನ್ನು ನೋಡಿ, "ಏನೇ, ನಿಂಗೂ ಗಡ್ಡ ಬಂತಾ?"

"ನಿಮ್ ಜೊತೆ ಬಾಳಿದ್ಮೇಲೆ ಅದೊಂದು ಬಾಕಿ ಇತ್ತು" ಅಂದರು ಅತ್ತಿಗೆ.

ನನಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ನನ್ನ ಎಡಗೈ ಬೆರಳನ್ನೇ ತುಂಬ ಹೊತ್ತು ನೋಡಿ, ಒಳಗೆ ಹೋದ.

ಜೂನ್ 29

"ರೇಜರ್ ಕೊಡು" ಅಂದೆ.

"ಹೊಸಬನ ಹತ್ರ ಮಾತಾಡಿಟ್ಟಿದೀನಿ. ನಾಳೆ ಫೋನ್ ಮಾಡ್ತಾನೆ."

"ಬರ್ಲಿ ಬಿಡು. ತಲೆಗೆ ಬಣ್ಣ ಹಚ್ಚೋದು ಅವನಿಗೇ ಕಲಿಸ್ತೀನಿ."

ಜೂನ್ 30, ಬಾಗಿಲು ತೆಗೆಯುವ ಮುಂಚೆ

ನಾನು ಬರುವಷ್ಟರಲ್ಲಿ ಅಣ್ಣ ಬಂದಿದ್ದ. ಡ್ರಾಯರ್ ತೆರೆದಿತ್ತು. ಕನ್ನಡಿಯ ಮುಂದೆ ನನ್ನ ರೇಜರ್, ಹೊಸ ಬ್ಲೇಡು. ಅವನು ಶೇವಿಂಗ್ ಕುರ್ಚಿಯಲ್ಲಿ ಕೂತು ತಾನೇ ನೊರೆ ಹಚ್ಚಿಕೊಳ್ಳುತ್ತಿದ್ದ.

"ಆ ಹೊಸಬ ಒಂಬತ್ತಕ್ಕೆ ಫೋನ್ ಮಾಡ್ತಾನೆ. ಬಾ ಅನ್ಲೋ, ಬೇಡ ಅನ್ಲೋ, ನೀನು ಮುಗಿಸಿದ್ಮೇಲೆ ಹೇಳ್ತೀನಿ."

"ನಿಂಗೆ ಹೆಂಡ್ತಿ ಇದಾಳಲ್ಲೋ?"

"ಅವಳೇ ಕಳ್ಸಿದ್ದು."

ನೀರು ಕಾಯಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಕೈ ನಡುಗುತ್ತಿತ್ತು. ನಡುಕ ನಿಲ್ಲಲಿ ಅಂತ ಕಾದೆ. ಈಗ ನಿಂತಿದೆ. ನೀರೂ ಕಾದಿದೆ.

ಅಣ್ಣ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ್ದಾನೆ. ಕತ್ತು ಪೂರ್ತಿ ನನ್ನ ಕಡೆಗೆ.

"ಬರಿಯೋದು ಆಮೇಲೆ ಇಟ್ಕೊಳ್ಳೇ. ಉಗುಳು ನುಂಗಾಯ್ತು, ಬಾ—"